ಆಕ್ಸಿಲರೇಟರ್ ಬಿಟ್ಟರೂ ವೇಗ ಇಳಿಯುತ್ತಿಲ್ಲ: ಮನೆಯಲ್ಲೇ ಕಟ್ಟಿದ ಹಳೆಯ ಸ್ಕೂಟರ್, ಸಹಾಯ ಬೇಕು

ಎಡಗೈ ಗೇರ್:

ಎಲ್ಲರಿಗೂ ನಮಸ್ಕಾರ. ಇದು ಅಪ್ಪ ಓಡಿಸುತ್ತಿದ್ದ ಸ್ಕೂಟರ್. ವೆಸ್ಪ ಪಿಎಕ್ಸ್ ವಿನ್ಯಾಸದ್ದು, 150 ಸಿಸಿ, ಟೂ ಸ್ಟ್ರೋಕ್, ನಾಲ್ಕು ಗೇರ್. 14 ವರ್ಷ ಗೋಡೆಯ ಬದಿಯಲ್ಲಿ ನಿಂತಿತ್ತು. ಕಳೆದ 11 ತಿಂಗಳಿಂದ ಬಿಡುವು ಸಿಕ್ಕಾಗಲೆಲ್ಲ ಬಿಚ್ಚುತ್ತ, ತೊಳೆಯುತ್ತ, ಜೋಡಿಸುತ್ತ ಬಂದಿದ್ದೇನೆ.

ಎಂಜಿನ್ ಕೇಸನ್ನು ಎರಡು ಹೋಳು ಮಾಡಿ ಕ್ರ್ಯಾಂಕಿನ ಎರಡೂ ಬೇರಿಂಗ್, ಎರಡೂ ಆಯಿಲ್ ಸೀಲ್, ಕ್ಲಚ್ ಪ್ಲೇಟ್, ಗೇರ್ ಹಿಡಿಯುವ ಕ್ರಾಸ್, ಎಲ್ಲವನ್ನೂ ಹೊಸದಾಗಿ ಹಾಕಿದೆ. ಹಳೆಯ ಬೋರಿನಲ್ಲಿ, ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಮೈಯಲ್ಲಿ, ಉಗುರಿಗೆ ತಗಲುವಷ್ಟು ಆಳದ ಗೀರುಗಳಿದ್ದವು. ರೀಬೋರ್ ಮಾಡಿಸುವ ಬದಲು 63 ಮಿ.ಮೀ. ಬೋರಿನ ಸಿಲಿಂಡರ್ ಕಿಟ್ ಕೂರಿಸಿದೆ. ಸ್ಟ್ರೋಕ್, ಅಂದರೆ ಪಿಸ್ಟನ್ ಚಲಿಸುವ ದೂರ, ಮೊದಲಿನ 57 ಮಿ.ಮೀ. ಆಗಿಯೇ ಇರುವುದರಿಂದ ಈಗ 177 ಸಿಸಿ ಆಗಿದೆ. ಕಾರ್ಬುರೇಟರ್ ಹಳೆಯದೇ, ಡೆಲ್‌ಆರ್ಟೊ ಎಸ್‌ಐ 20/20. ಮೇನ್ ಜೆಟ್ (ಪೆಟ್ರೋಲ್ ಅಳೆದು ಬಿಡುವ ತೂತು) 100 ಇದ್ದದ್ದನ್ನು 110 ಮಾಡಿದ್ದೇನೆ.

ಮೊನ್ನೆ ಮೂರನೆಯ ಕಿಕ್ಕಿಗೆ ಎಂಜಿನ್ ಎದ್ದಿತು. ಆ ಸದ್ದು ಕೇಳಿ ಒಳಗಿದ್ದ ಅಮ್ಮ ಅಂಗಳಕ್ಕೆ ಬಂದು ನಿಂತರು. ಹತ್ತು ನಿಮಿಷ ಚೆನ್ನಾಗಿಯೇ ಓಡಿತು. ಬಿಸಿಯಾದ ಮೇಲೆ ತೊಂದರೆ ಶುರುವಾಯಿತು. ಒಮ್ಮೆ ಆಕ್ಸಿಲರೇಟರ್ ತಿರುಗಿಸಿ ಬಿಟ್ಟರೆ ಎಂಜಿನ್ನಿನ ವೇಗ ಕೆಳಗಿಳಿಯುವುದೇ ಇಲ್ಲ, ಕೆಲವೊಮ್ಮೆ ತಾನಾಗಿಯೇ ಏರುತ್ತದೆ. ನಿಂತಾಗಿನ ವೇಗ ಹೊಂದಿಸುವ ಐಡಲ್ ಸ್ಕ್ರೂ ಪೂರ್ತಿ ಸಡಿಲಿಸಿದರೂ ಅಷ್ಟೇ. ಕೀ ತಿರುಗಿಸಿದರೆ ನಿಲ್ಲುತ್ತದೆ. ಪ್ಲಗ್ ಬಿಚ್ಚಿ ನೋಡಿದರೆ ತುದಿ ಸುಣ್ಣದಂತೆ ಬಿಳಿ. ಆಕ್ಸಿಲರೇಟರ್ ಕೇಬಲ್ ಸಿಕ್ಕಿಕೊಂಡಿಲ್ಲ, ಕಾರ್ಬುರೇಟರಿನ ಗಾಳಿದಾರಿ ಮುಚ್ಚುವ ಸ್ಲೈಡ್ ಪೂರ್ತಿ ಕೆಳಗಿಳಿಯುತ್ತದೆ. ಇನ್ನೂ ದೊಡ್ಡ ಜೆಟ್ ಹಾಕಿದರೆ ಸರಿಹೋದೀತೇ?


ಎಣ್ಣೆಕೈ:

ದಯವಿಟ್ಟು ಇನ್ನೊಮ್ಮೆ ಸ್ಟಾರ್ಟ್ ಮಾಡಬೇಡಿ. ಜೆಟ್ ಆಮೇಲೆ ನೋಡೋಣ.

ನೀವು ಹೇಳುವ ಲಕ್ಷಣಗಳನ್ನೆಲ್ಲ ಒಟ್ಟಿಗೆ ಇಟ್ಟರೆ ನನಗೆ ಕಾಣುವುದು ಒಂದೇ, ಎಲ್ಲಿಂದಲೋ ಹೊರಗಿನ ಗಾಳಿ ಎಂಜಿನ್ನಿನೊಳಗೆ ನುಗ್ಗುತ್ತಿದೆ. ಈ ಎಂಜಿನ್ನಿನಲ್ಲಿ ಕ್ರ್ಯಾಂಕ್ ಕೇಸ್ ಎಂಬುದೇ ಒಂದು ಪಂಪು. ಪಿಸ್ಟನ್ ಮೇಲೇರಿದಾಗ ಕೇಸಿನೊಳಗೆ ನಿರ್ವಾತ ಹುಟ್ಟಿ, ಕಾರ್ಬುರೇಟರಿನಿಂದ ಗಾಳಿ, ಪೆಟ್ರೋಲ್, ಎಣ್ಣೆ ಮೂರೂ ಬೆರೆತು ಒಳಗೆ ಬರುತ್ತವೆ. ಕಾರ್ಬುರೇಟರಿನ ದಾರಿ ಬಿಟ್ಟು ಬೇರೆ ಸಂದಿಯಿಂದ ಗಾಳಿ ಬಂದರೆ ಅದರ ಜೊತೆ ಪೆಟ್ರೋಲೂ ಇಲ್ಲ, ಎಣ್ಣೆಯೂ ಇಲ್ಲ. ಮಿಶ್ರಣ ತೆಳುವಾಗುತ್ತದೆ, ಎಂಜಿನ್ ಕಾಯುತ್ತದೆ. ಸ್ಲೈಡ್ ಮುಚ್ಚಿದರೂ ಸಂದಿ ಮುಚ್ಚುವುದಿಲ್ಲವಲ್ಲ, ಅದಕ್ಕೇ ವೇಗ ಇಳಿಯುವುದಿಲ್ಲ. ಐಡಲ್ ಸ್ಕ್ರೂ ಏನೂ ಮಾಡಲಾರದ್ದು ಇದೇ ಕಾರಣಕ್ಕೆ. ಪಿಸ್ಟನ್ನಿಗೆ ಎಣ್ಣೆ ತಲುಪುವುದು ಪೆಟ್ರೋಲಿನ ಮೂಲಕವೇ ಆದ್ದರಿಂದ ಶಾಖವೂ ಹೆಚ್ಚು, ಎಣ್ಣೆಯೂ ಕಡಿಮೆ ಎಂಬ ಸ್ಥಿತಿ ಬಂದು ಹೊಸ ಪಿಸ್ಟನ್ ಬೋರಿನಲ್ಲಿ ಹಿಡಿದುಕೊಳ್ಳುತ್ತದೆ. ರಸ್ತೆಯಲ್ಲಿ ಹಾಗಾದರೆ ಹಿಂದಿನ ಚಕ್ರವೇ ಲಾಕ್ ಆಗುತ್ತದೆ. ಅಂಗಳದಲ್ಲೇ ತಿಳಿದದ್ದು ಒಳ್ಳೆಯದಾಯಿತು.

ದೊಡ್ಡ ಜೆಟ್ ಹಾಕಿದರೆ ಲಕ್ಷಣ ಸ್ವಲ್ಪ ಮರೆಯಾಗಬಹುದು, ರೋಗ ಅಲ್ಲೇ ಇರುತ್ತದೆ.

ಮೂರು ವಿಷಯ ನೋಡಿ ತಿಳಿಸಿ. ಗೇರ್ ಆಯಿಲ್ ಹೊರತೆಗೆದು ಅಳೆಯಿರಿ. ನೀವು ಹಾಕಿರುವುದು 250 ಮಿ.ಲೀ. ತಾನೇ? ಕಡಿಮೆಯಾಗಿದೆಯೇ, ಪೆಟ್ರೋಲ್ ವಾಸನೆ ಇದೆಯೇ? ಎರಡನೆಯದಾಗಿ, ಓಡುವಾಗ ದಟ್ಟವಾದ ಬಿಳಿ ಹೊಗೆ ಬಂತೇ? ಮೂರನೆಯದಾಗಿ, ಮ್ಯಾಗ್ನೆಟ್ (ಕ್ರ್ಯಾಂಕಿನ ತುದಿಯಲ್ಲಿ ತಿರುಗುವ ಚಕ್ರ) ಬಿಚ್ಚಿ ಅದರ ಹಿಂದಿನ ಜಾಗ ಒಣಗಿದೆಯೋ ಒದ್ದೆಯಾಗಿದೆಯೋ ನೋಡಿ. ಮ್ಯಾಗ್ನೆಟ್ ಬಿಚ್ಚಲು ಪುಲ್ಲರ್ ಬಳಸಿ, ಸುತ್ತಿಗೆಯಿಂದ ಹೊಡೆಯಬೇಡಿ.


ಸುರುಳಿ:

ಎಣ್ಣೆಕೈ ಅವರ ಮಾತು ಸರಿ. ಮ್ಯಾಗ್ನೆಟ್ ಬಿಚ್ಚುತ್ತೀರಿ ಎಂದಾದರೆ ಅಲ್ಲೇ ಇನ್ನೂ ಎರಡು ಕೆಲಸ ಮುಗಿಸಿಕೊಳ್ಳಿ.

ಮೊದಲನೆಯದು, ಮ್ಯಾಗ್ನೆಟ್ಟಿನ ಹಿಂದೆ ಕೂರುವ, ವಿದ್ಯುತ್ ಸುರುಳಿಗಳಿರುವ ಸ್ಟೇಟರ್ ತಟ್ಟೆಯಿಂದ ಹೊರಬರುವ ವೈರುಗಳು. ಇಷ್ಟು ವರ್ಷ ಬಿಸಿ ಮತ್ತು ಎಣ್ಣೆ ಕುಡಿದ ವೈರಿನ ಹೊದಿಕೆ ಬಿಸ್ಕತ್ತಿನಂತೆ ಮುರಿಯುತ್ತದೆ. ಮೇಲ್ನೋಟಕ್ಕೆ ಚೆನ್ನಾಗಿದ್ದರೂ ತಿರುವಿನಲ್ಲಿ ಮೆಲ್ಲಗೆ ಬಗ್ಗಿಸಿ ನೋಡಿ. ಒಳಗಿನ ತಾಮ್ರ ಕಂಡರೆ ಎಲ್ಲವನ್ನೂ ಹೊಸ ವೈರಿನಿಂದ ಬೆಸುಗೆ ಹಾಕಿ ಬದಲಿಸಿ. ಹಸಿರು ವೈರ್ ಬಾಡಿಗೆ ತಗುಲಿದರೆ ಎಂಜಿನ್ ನಿಂತುಹೋಗುತ್ತದೆ, ಅಲುಗಿದಾಗ ಮತ್ತೆ ಬರುತ್ತದೆ. ಅದನ್ನು ಹುಡುಕುತ್ತ ಕಾರ್ಬುರೇಟರನ್ನು ನಾಲ್ಕು ಸಲ ಬಿಚ್ಚಿದವರನ್ನು ನಾನು ಬಲ್ಲೆ.

ಎರಡನೆಯದು ಟೈಮಿಂಗ್, ಅಂದರೆ ಕಿಡಿ ಹಾರುವ ಸಮಯ. ಎಲೆಕ್ಟ್ರಾನಿಕ್ ಇಗ್ನಿಷನ್ ಇರುವ ತಟ್ಟೆಯ ಮೇಲೆ 'ಎ' ಮತ್ತು 'ಐಟಿ' ಎಂಬ ಗುರುತುಗಳಿರುತ್ತವೆ, 'ಎ' ಕಡೆಗೆ ಕಿಡಿ ಬೇಗ, 'ಐಟಿ' ಕಡೆಗೆ ಸ್ವಲ್ಪ ತಡ. ಬಿಚ್ಚುವ ಮೊದಲು ತಟ್ಟೆ ಎಲ್ಲಿತ್ತು ಎಂದು ಗುರುತು ಹಾಕಿದ್ದೀರಾ? ಕಿಡಿ ಬೇಗ ಹಾರುತ್ತಿದ್ದರೂ ಎಂಜಿನ್ ಕಾಯುತ್ತದೆ. ದೊಡ್ಡ ಸಿಲಿಂಡರ್ ಹಾಕಿದ ಮೇಲಂತೂ ಗುರುತನ್ನು ನಂಬದೆ ಸ್ಟ್ರೋಬ್ ದೀಪದಿಂದ (ಕಿಡಿ ಹಾರಿದಾಗಲೆಲ್ಲ ಮಿನುಗುವ ದೀಪ) ನೋಡಿ, ಕಿಟ್ ತಯಾರಿಸಿದವರು ಹೇಳಿದ ಡಿಗ್ರಿಗೆ ತನ್ನಿ.


ಪುಟ್ಟಗಾಲಿ:

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನೂ ಇಂಥದ್ದೇ ಸ್ಕೂಟರ್ ಬಿಚ್ಚುವ ತಯಾರಿಯಲ್ಲಿದ್ದೇನೆ. ಎಂಜಿನ್ ಓಡುತ್ತಿರುವಾಗ ಅನುಮಾನ ಬಂದ ಜಾಗಕ್ಕೆ ಕಾರ್ಬುರೇಟರ್ ಕ್ಲೀನರ್ ಸಿಂಪಡಿಸಿದರೆ ಗಾಳಿ ಸೋರುವ ಜಾಗ ತಿಳಿಯುತ್ತದೆ ಎಂದು ಕೇಳಿದ್ದೆ. ಅದು ಸುಲಭವಲ್ಲವೇ?


ಎಣ್ಣೆಕೈ:

ಪುಟ್ಟಗಾಲಿ ಅವರೇ, ಸುಲಭವೇನೋ ಹೌದು. ಆದರೆ ಅದು ಉರಿಯುವ ದ್ರವ, ಪಕ್ಕದಲ್ಲೇ ಕಾದ ಸೈಲೆನ್ಸರ್ ಇದೆ. ಜೊತೆಗೆ ಮ್ಯಾಗ್ನೆಟ್ಟಿನ ಫ್ಯಾನ್ ಬೀಸುವ ಗಾಳಿಗೆ ಅದು ಎಲ್ಲೆಲ್ಲೋ ಹಾರಿ ತಪ್ಪು ಉತ್ತರ ಕೊಡುತ್ತದೆ. ಒತ್ತಡದ ಪರೀಕ್ಷೆ ಮಾಡಿ. ಎಂಜಿನ್ ಆರಿರುತ್ತದೆ, ತಣ್ಣಗಿರುತ್ತದೆ, ಉತ್ತರವೂ ಕಣ್ಣಿಗೆ ಕಾಣುತ್ತದೆ.

ಸೈಲೆನ್ಸರ್ ತೆಗೆದು ಎಕ್ಸಾಸ್ಟ್ ಬಾಯಿಯನ್ನು ರಬ್ಬರ್ ತುಂಡು ಮತ್ತು ಕ್ಲಾಂಪಿನಿಂದ ಬಿಗಿಯಾಗಿ ಮುಚ್ಚಿ. ಕಾರ್ಬುರೇಟರ್ ಕೂರುವ ಜಾಗಕ್ಕೂ ರಬ್ಬರ್ ಹಾಳೆ ಇಟ್ಟು ಮೇಲೊಂದು ದಪ್ಪ ತಗಡನ್ನು ಬೋಲ್ಟ್ ಮಾಡಿ. ಹಳೆಯ ಪ್ಲಗ್ಗಿನ ಪಿಂಗಾಣಿ ಒಡೆದು ತೆಗೆದು, ಆ ಕಬ್ಬಿಣದ ಭಾಗಕ್ಕೆ ಟ್ಯೂಬಿನ ವಾಲ್ವ್ ಬೆಸೆದುಕೊಂಡರೆ ಗಾಳಿ ತುಂಬುವ ಬಾಯಿ ಸಿದ್ಧವಾಗುತ್ತದೆ. ಕ್ರ್ಯಾಂಕ್ ತಿರುಗಿಸಿ ಪಿಸ್ಟನ್ನನ್ನು ಪೂರ್ತಿ ಕೆಳಕ್ಕೆ ತನ್ನಿ. ಆಗ ಮಾತ್ರ ಟ್ರಾನ್ಸ್‌ಫರ್ ದಾರಿಗಳು (ಕ್ರ್ಯಾಂಕ್ ಕೇಸಿನಿಂದ ಸಿಲಿಂಡರಿಗೆ ಹೋಗುವವು) ತೆರೆದು, ಪ್ಲಗ್ಗಿನ ತೂತಿನಿಂದ ಹೋದ ಗಾಳಿ ಕ್ರ್ಯಾಂಕ್ ಕೇಸಿಗೂ ತಲುಪುತ್ತದೆ. ಸೈಕಲ್ ಪಂಪಿನಿಂದ ನಿಧಾನವಾಗಿ 0.4 ಬಾರ್, ಅಂದರೆ ಸುಮಾರು 6 ಪಿಎಸ್ಐ ತುಂಬಿ. ಅದಕ್ಕಿಂತ ಹೆಚ್ಚು ಬೇಡ, ಚೆನ್ನಾಗಿರುವ ಸೀಲ್ ಕೂಡ ಜಾಗ ಬಿಟ್ಟು ಹೊರಬಂದೀತು. ಮುಳ್ಳು ಕೆಲವು ನಿಮಿಷ ಅಲುಗದೆ ನಿಲ್ಲಬೇಕು. ಇಳಿದರೆ ಸಾಬೂನಿನ ನೀರನ್ನು ಬ್ರಷ್ಷಿನಿಂದ ಎಲ್ಲ ಸಂದಿಗಳಿಗೂ ಹಚ್ಚಿ. ಗುಳ್ಳೆ ಎದ್ದ ಕಡೆ ಸೋರಿಕೆ ಇದೆ.

ಎಂಜಿನ್ ಜೋಡಿಸಿದ ಪ್ರತಿಯೊಬ್ಬರೂ ಮೊದಲ ಕಿಕ್ಕಿಗೆ ಮುಂಚೆಯೇ ಇದನ್ನು ಮಾಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅರ್ಧ ಗಂಟೆಯ ಕೆಲಸ, ಒಂದು ಪಿಸ್ಟನ್ ಉಳಿಯುತ್ತದೆ.


ಎಡಗೈ ಗೇರ್:

ನೋಡಿದೆ. ಗೇರ್ ಆಯಿಲ್ 250 ಮಿ.ಲೀ. ಹಾಕಿದ್ದೆ, ಬಹುತೇಕ ಅಷ್ಟೇ ಹೊರಬಂತು, ಪೆಟ್ರೋಲ್ ವಾಸನೆ ಇಲ್ಲ. ಬಿಳಿ ಹೊಗೆಯೂ ಬಂದಿರಲಿಲ್ಲ. ಆದರೆ ಮ್ಯಾಗ್ನೆಟ್ ತೆಗೆದಾಗ ಸ್ಟೇಟರ್ ತಟ್ಟೆಯ ಕೆಳಭಾಗ ಒದ್ದೆ! ನೀಲಿ ಛಾಯೆಯ ಎಣ್ಣೆ, ನಾನು ಪೆಟ್ರೋಲಿಗೆ ಬೆರೆಸುವುದೂ ಅದೇ ಬಣ್ಣದ್ದು.

ಸುರುಳಿ ಅವರೇ, ಹಸಿರು ವೈರಿನ ಹೊದಿಕೆ ಎರಡು ಕಡೆ ಬಿರುಕು ಬಿಟ್ಟಿದೆ. ಬದಲಿಸುತ್ತೇನೆ. ತಟ್ಟೆಗೆ ಗುರುತು ಹಾಕಿದ್ದೆ, ಅದು 'ಎ' ಮೇಲಿದೆ.


ಎಣ್ಣೆಕೈ:

ಹಾಗಾದರೆ ದಾರಿ ಸಿಕ್ಕಿತು. ಕ್ಲಚ್ ಬದಿಯ ಸೀಲ್ ಹೋಗಿದ್ದರೆ ಗೇರ್ ಆಯಿಲ್ ಒಳಗೆ ಸೆಳೆದುಕೊಂಡು ಬಿಳಿ ಹೊಗೆ ಬರುತ್ತಿತ್ತು, ಎಣ್ಣೆ ಕಡಿಮೆಯಾಗುತ್ತಿತ್ತು. ಮ್ಯಾಗ್ನೆಟ್ ಬದಿಯ ಸೀಲ್ ಹೋದರೆ ಅತ್ತ ಇರುವುದು ಬರಿಯ ಗಾಳಿ, ಅದಕ್ಕೇ ಹೊಗೆಯಿಲ್ಲದ ತೆಳು ಮಿಶ್ರಣ. ಪಿಸ್ಟನ್ ಕೆಳಗಿಳಿಯುವಾಗ ಒಳಗಿನ ಒತ್ತಡಕ್ಕೆ ಎಣ್ಣೆ ಅದೇ ಸಂದಿಯಿಂದ ಹೊರಚಿಮ್ಮಿ ತಟ್ಟೆಯನ್ನು ಒದ್ದೆ ಮಾಡಿದೆ.

ಈ ಸೀಲನ್ನು ಎಂಜಿನ್ ಮತ್ತೆ ಹೋಳು ಮಾಡದೆ ಹೊರಗಿನಿಂದಲೇ ಬದಲಿಸಬಹುದು. ಕ್ಲಚ್ ಬದಿಯದಾಗಿದ್ದರೆ ಎಲ್ಲವನ್ನೂ ಬಿಚ್ಚಬೇಕಾಗುತ್ತಿತ್ತು. ಆದರೂ ಮೊದಲು ಒತ್ತಡದ ಪರೀಕ್ಷೆ ಮಾಡಿ. ಒಂದು ಸೋರಿಕೆ ಸಿಕ್ಕಿತೆಂದು ಎರಡನೆಯದು ಇಲ್ಲ ಎಂದುಕೊಳ್ಳಬಾರದು.


ಹಳೆ ತಗಡು:

ಎಂಜಿನ್ ಒಳ್ಳೆಯ ಕೈಗಳಲ್ಲಿದೆ. ನನ್ನ ಪ್ರಶ್ನೆ ಬಾಡಿಯ ಬಗ್ಗೆ. ನೀವು ಹಾಕಿದ ಚಿತ್ರದಲ್ಲಿ ಕಾಲಿಡುವ ತಗಡಿನ ಬಲಮೂಲೆ, ಬ್ರೇಕ್ ಪೆಡಲಿನ ಸುತ್ತ, ಉಬ್ಬಿದಂತೆ ಕಾಣುತ್ತಿದೆ. ಅಲ್ಲಿ ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡಿದ್ದೀರಾ?


ಎಡಗೈ ಗೇರ್:

ಒತ್ತಿದೆ, ಒಳಗೇ ಹೋಯಿತು. ಕೆಳಗಿನಿಂದ ನೋಡಿದರೆ ಅಡ್ಡಪಟ್ಟಿಯೂ ತುಕ್ಕು ತಿಂದಿದೆ. ಇಡೀ ನೆಲದ ತಗಡು ಕತ್ತರಿಸಿ ಹೊಸದು ಬೆಸೆಯೋಣ, ಹಾಗೆಯೇ ಹಿಂಬದಿಯನ್ನೂ ಸ್ವಲ್ಪ ಕತ್ತರಿಸಿ ಚಿಕ್ಕದು ಮಾಡಿ, ಒಬ್ಬರೇ ಕೂರುವ ಸೀಟ್ ಹಾಕಿ, ಇಡೀ ಬಾಡಿಗೆ ಕಡುಹಸಿರು ಬಣ್ಣ ಬಳಿಯೋಣ ಎಂದಿದ್ದೇನೆ. ಎಲ್ಲಕ್ಕೂ ಒತ್ತಡದ ಗಾಳಿಯಲ್ಲಿ ಮರಳು ಹೊಡೆಸಿ ಬರಿ ತಗಡು ಮಾಡಿಸುವ ಯೋಚನೆ ಇದೆ.


ಹಳೆ ತಗಡು:

ಕತ್ತರಿ ಎತ್ತುವ ಮೊದಲು ಇದನ್ನು ಓದಿ.

ಈ ಸ್ಕೂಟರಿನಲ್ಲಿ ಚಾಸಿ ಎಂಬುದು ಬೇರೆಯಾಗಿಲ್ಲ. 1946ರಲ್ಲಿ ಪಿಯಾಜಿಯೊ ಕಂಪನಿಗಾಗಿ ಮೊದಲ ವೆಸ್ಪ ರೂಪಿಸಿದ ಕೊರಾಡಿನೊ ದಾಸ್ಕಾನಿಯೊ ವಿಮಾನ ಎಂಜಿನಿಯರ್. ಮುಂದಿನ ಚಕ್ರ ಒಂದೇ ಬದಿಯಿಂದ ನೇತಾಡುವುದು ವಿಮಾನದ ಚಕ್ರದ ರೀತಿ. ಬಾಡಿಯೂ ವಿಮಾನದ ಒಡಲಿನಂತೆ, ಬಗ್ಗಿಸಿ ಬೆಸೆದ ತಗಡೇ ಭಾರವನ್ನೆಲ್ಲ ಹೊರುತ್ತದೆ. 1947ರಲ್ಲಿ ಬಂದ ಲ್ಯಾಂಬ್ರೆಟಾದಲ್ಲಿ ಉಕ್ಕಿನ ಕೊಳವೆಯ ಚೌಕಟ್ಟು ಇದೆ, ಅದರ ಹೊರತಗಡು ಕಳಚಿದರೂ ಗಾಡಿ ಗಾಡಿಯಾಗಿಯೇ ಇರುತ್ತದೆ. ನಿಮ್ಮದರಲ್ಲಿ ಹಾಗಲ್ಲ. ನೆಲದ ತಗಡು ತೆಗೆದ ಕ್ಷಣ ಮುಂಭಾಗ ಮತ್ತು ಹಿಂಭಾಗದ ನಂಟು ದುರ್ಬಲವಾಗಿ, ನಿಮಗೆ ತಿಳಿಯದಂತೆ ನಾಲ್ಕೈದು ಮಿ.ಮೀ. ತಿರುಚಿಕೊಂಡೀತು. ಆ ಸ್ಥಿತಿಯಲ್ಲಿ ಬೆಸೆದರೆ ಎರಡು ಚಕ್ರಗಳು ಒಂದೇ ಗೆರೆಯಲ್ಲಿ ಮತ್ತೆಂದೂ ಬರುವುದಿಲ್ಲ. ಕೈಬಿಟ್ಟರೆ ಒಂದೇ ಕಡೆಗೆ ಎಳೆಯುವ ಸ್ಕೂಟರ್ ಓಡಿಸಿದ್ದೀರಾ? ಅದರ ಹಿಂದೆ ಅನೇಕ ವೇಳೆ ಇಂಥ ಕೆಲಸ ಇರುತ್ತದೆ.

ಆದ್ದರಿಂದ ಕತ್ತರಿಸುವ ಮುಂಚೆ ಹ್ಯಾಂಡಲ್ ಕೊಳವೆಯ ಬುಡದಿಂದ ಸೀಟಿನ ಕೆಳಗಿನ ಗಟ್ಟಿ ಜಾಗಕ್ಕೆ ಎರಡು ಕಬ್ಬಿಣದ ಸರಳುಗಳನ್ನು ಆಸರೆಯಾಗಿ ಬೆಸೆಯಿರಿ. ಮುಂದಿನಿಂದ ಹಿಂದಕ್ಕೆ, ಎಡಮೂಲೆಯಿಂದ ಬಲಮೂಲೆಗೆ ಅಳತೆ ತೆಗೆದು ಗೋಡೆಯ ಮೇಲೆಯೇ ಬರೆದಿಡಿ. ಪೂರ್ತಿ ನೆಲ ತೆಗೆಯಬೇಕಿಲ್ಲ, ತುಕ್ಕು ತಿಂದ ಭಾಗಕ್ಕಿಂತ ಎರಡು ಬೆರಳು ಆಚೆಗೆ ಗಟ್ಟಿ ತಗಡು ಸಿಗುವವರೆಗೆ ತೆಗೆದರೆ ಸಾಕು. ಬೆಸುಗೆಯನ್ನು ಒಂದೇ ಗೆರೆಯಾಗಿ ಎಳೆಯಬೇಡಿ. ಅಲ್ಲೊಂದು ಇಲ್ಲೊಂದು ಚುಕ್ಕೆ ಹಾಕುತ್ತ, ತಣಿಯಲು ಬಿಡುತ್ತ ಹೋಗಿ. ಟ್ಯಾಂಕ್ ಬಾಡಿಯಲ್ಲಿ ಇರಲೇಬಾರದು. ಖಾಲಿ ಟ್ಯಾಂಕಿನಲ್ಲಿರುವ ಪೆಟ್ರೋಲ್ ಆವಿ ತುಂಬಿದ ಟ್ಯಾಂಕಿಗಿಂತ ಅಪಾಯಕಾರಿ.

ಹಿಂಬದಿ ಕತ್ತರಿಸುವುದರ ಬಗ್ಗೆ ಹೇಳಲೇಬೇಕು, ಬೇಡ. ಸೀಟ್ ಬದಲಿಸಿ, ಅದನ್ನು ನಾಳೆ ಹಿಂದಕ್ಕೆ ತರಬಹುದು. ಕತ್ತರಿಸಿದ ತಗಡನ್ನು ತರಲಾಗದು. ಎಂಜಿನ್ ಗಾತ್ರ, ಬಾಡಿಯ ಆಕಾರ, ಬಣ್ಣ, ಇವುಗಳಲ್ಲಿ ಯಾವುದನ್ನು ಬದಲಿಸಿದರೆ ನೋಂದಣಿ ಪತ್ರದಲ್ಲಿ ತಿದ್ದಿಸಬೇಕು ಎಂಬುದನ್ನೂ ಮೊದಲೇ ವಿಚಾರಿಸಿಕೊಳ್ಳಿ.


ಎಡಗೈ ಗೇರ್:

ಒಪ್ಪಿದೆ, ಹಿಂಬದಿಗೆ ಕತ್ತರಿ ಹಾಕುವುದಿಲ್ಲ. ಬಣ್ಣದ ವಿಷಯದಲ್ಲಿ ನನಗೇ ಎರಡು ಮನಸ್ಸು. ಮುಂದಿನ ಡಿಕ್ಕಿಯ ಮುಚ್ಚಳದ ಒಳಬದಿಯಲ್ಲಿ ಅಪ್ಪ ಪ್ಲಗ್ ಬದಲಿಸಿದ ದಿನಾಂಕಗಳನ್ನೆಲ್ಲ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದಾರೆ. ಪಕ್ಕದಲ್ಲಿ ಕಿಲೋಮೀಟರ್ ಲೆಕ್ಕ. ಮೊನ್ನೆ ಟಾರ್ಚ್ ಹಿಡಿದಾಗಲೇ ಕಂಡದ್ದು.


ಹಳೆ ತಗಡು:

ಆ ಮುಚ್ಚಳಕ್ಕೆ ಮರಳು ಹೊಡೆಸಬೇಡಿ! ಬಿಚ್ಚಿ ಬಟ್ಟೆಯಲ್ಲಿ ಸುತ್ತಿಡಿ. ಹೊರಮೈಗೆ ಬಣ್ಣ ಬೇಕೆಂದರೆ ಒಳಬದಿಗೆ ಕಾಗದ ಅಂಟಿಸಿ ಹೊರಗಷ್ಟೇ ಬಳಿಯಬಹುದು.

ಮರಳು ಹೊಡೆಸುವುದಂತೂ ಇಡೀ ಬಾಡಿಗೇ ಬೇಡ ಎನ್ನುತ್ತೇನೆ. ತೆಳುತಗಡು ಆ ಹೊಡೆತಕ್ಕೆ ಬಿಸಿಯಾಗಿ ಅಲೆ ಅಲೆಯಾಗುತ್ತದೆ. ಪಕ್ಕದ ಎರಡು ಉಬ್ಬು ಕವಚಗಳಿಗೆ ಈ ಅಪಾಯ ಹೆಚ್ಚು. ನಾನು ಒಮ್ಮೆ ಒಂದು ಕಾರ್ಯಾಗಾರಕ್ಕೆ ಕೊಟ್ಟು ಕಲಿತ ಪಾಠವಿದು, ಆ ಕವಚಗಳನ್ನು ನೇರ ಮಾಡಲು ಎರಡು ತಿಂಗಳು ಹಿಡಿಯಿತು. ಬಣ್ಣ ಗಟ್ಟಿಯಾಗಿರುವ ಕಡೆ ಅದನ್ನು ಉಳಿಸಿಕೊಂಡು 320ರ ಉಜ್ಜುಕಾಗದದಿಂದ ಮೈ ಒರಟು ಮಾಡಿದರೆ ಸಾಕು, ಅದರ ಮೇಲೆ ಎಪಾಕ್ಸಿ ಪ್ರೈಮರ್ ಚೆನ್ನಾಗಿ ಕೂರುತ್ತದೆ. ಬರಿ ತಗಡು ಕಂಡ ಕಡೆ ಅದೇ ದಿನ ಪ್ರೈಮರ್ ಹಾಕಿ. ಒಂದು ರಾತ್ರಿಯ ತೇವ ಸಾಕು ತುಕ್ಕು ಮತ್ತೆ ಹಿಡಿಯಲು. ಪುಟ್ಟಿಯನ್ನು (ತಗ್ಗು ತುಂಬುವ ಲೇಪ) ತೆಳುವಾಗಿ ಎಳೆಯಿರಿ, ತಗ್ಗನ್ನು ಆದಷ್ಟು ತಟ್ಟಿ ಎತ್ತಿದ ಮೇಲೆಯೇ.

ಗಟ್ಟಿಕಾರಕ ಬೆರೆಸಿ ಸಿಂಪಡಿಸುವ ಎರಡು ಭಾಗದ ಬಣ್ಣಗಳಲ್ಲಿ ಐಸೊಸಯನೇಟ್ ಇರುತ್ತದೆ. ಅದು ಶ್ವಾಸಕೋಶಕ್ಕೆ ಬಿದ್ದರೆ ಮುಂದೆ ಜೀವನವಿಡೀ ಉಬ್ಬಸ ಕಾಡಬಹುದು. ಮಾಮೂಲಿ ಧೂಳಿನ ಮುಖಗವಸು ಅದನ್ನು ತಡೆಯದು. ಹೊರಗಿನಿಂದ ಶುದ್ಧ ಗಾಳಿ ಪೂರೈಸುವ ಮುಸುಕು ಇಲ್ಲದಿದ್ದರೆ ಕೊನೆಯ ಸಿಂಪಡಣೆಯನ್ನು ಅದರ ವ್ಯವಸ್ಥೆ ಇರುವವರಿಗೆ ಕೊಡಿ. ಉಜ್ಜುವುದು, ಪುಟ್ಟಿ ಎಳೆಯುವುದು, ಪ್ರೈಮರನ್ನು ಬ್ರಷ್ಷಿನಿಂದ ಬಳಿಯುವುದು ಮನೆಯ ಕೆಲಸವೇ, ಆದರೆ ಉಜ್ಜುವಾಗ ಧೂಳಿನ ಮುಖಗವಸು, ಪ್ರೈಮರಿಗೆ ಕೈಗವಸು ಬಿಡಬೇಡಿ.


ಪುಟ್ಟಗಾಲಿ:

ಸಣ್ಣ ಭಾಗಗಳ ತುಕ್ಕಿಗೆ ಏನು ಮಾಡುವುದು? ಟ್ಯಾಂಕಿನೊಳಗೂ ಕೆಂಪಾಗಿದೆ.


ಹಳೆ ತಗಡು:

ಬ್ರ್ಯಾಕೆಟ್, ಸ್ಟ್ಯಾಂಡ್, ರಿಮ್ಮಿನಂಥವಕ್ಕೆ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ವಾಷಿಂಗ್ ಸೋಡಾ ಕರಗಿಸಿ, 12 ವೋಲ್ಟ್ ಚಾರ್ಜರಿನ ಋಣ ತುದಿಯನ್ನು ಭಾಗಕ್ಕೂ ಧನ ತುದಿಯನ್ನು ಒಂದು ಬೇಡವಾದ ಕಬ್ಬಿಣದ ತುಂಡಿಗೂ ಕೊಟ್ಟು ಒಂದು ರಾತ್ರಿ ಬಿಡಿ. ತುಕ್ಕು ಕಪ್ಪು ಪುಡಿಯಾಗಿ ಬಿಟ್ಟುಕೊಳ್ಳುತ್ತದೆ. ಬಯಲಿನಲ್ಲೇ ಮಾಡಿ, ಹೈಡ್ರೋಜನ್ ಹುಟ್ಟುತ್ತದೆ. ಧನ ತುದಿಗೆ ಸ್ಟೇನ್‌ಲೆಸ್ ಸ್ಟೀಲ್ ಕಟ್ಟಬೇಡಿ, ಅದರ ಕ್ರೋಮಿಯಂ ವಿಷವಾಗಿ ನೀರಿಗಿಳಿಯುತ್ತದೆ. ಸ್ಪ್ರಿಂಗ್‌ಗಳನ್ನು ಹೀಗೆ ಮುಳುಗಿಸಬೇಡಿ, ಹೈಡ್ರೋಜನ್ ಹೀರಿ ಪೆಡಸಾಗುತ್ತವೆ. ಟ್ಯಾಂಕಿಗೆ ಸಿಟ್ರಿಕ್ ಆಮ್ಲದ ದ್ರಾವಣ, ಒಂದು ಹಿಡಿ ನಟ್ಟುಗಳು, ಚೆನ್ನಾಗಿ ಕುಲುಕುವುದು. ತೊಳೆದು ಪೂರ್ತಿ ಒಣಗಿಸಿ ತಕ್ಷಣ ಟೂ ಸ್ಟ್ರೋಕ್ ಎಣ್ಣೆ ಸುತ್ತಾಡಿಸಿ. ನಟ್ಟುಗಳನ್ನು ಎಣಿಸಿ ಹಾಕಿ, ಎಣಿಸಿ ತೆಗೆಯಿರಿ.


ಎಣ್ಣೆಕೈ:

ಪುಟ್ಟಗಾಲಿ ಅವರಿಗೆ ಒಂದು ಎಚ್ಚರಿಕೆ, ನೀವು ರಿಮ್ ಬಿಚ್ಚುವ ಮೊದಲೇ ಹೇಳಿಬಿಡುತ್ತೇನೆ. ಈ ಸ್ಕೂಟರುಗಳ 10 ಇಂಚಿನ ರಿಮ್ ಎರಡು ಹೋಳುಗಳದ್ದು. ಎರಡನ್ನೂ ಕೂಡಿಸಿ ಹಿಡಿದ ನಟ್ಟುಗಳು ಬೇರೆ, ಚಕ್ರವನ್ನು ಡ್ರಮ್ಮಿಗೆ ಹಿಡಿದ ನಟ್ಟುಗಳು ಬೇರೆ. ಗಾಳಿ ಇರುವಾಗಲೇ ಕೂಡುನಟ್ಟು ಸಡಿಲಿಸಿದರೆ ರಿಮ್ ಸಿಡಿಯುತ್ತದೆ. ವಾಲ್ವಿನ ಪಿನ್ ತೆಗೆದು ಗಾಳಿ ಪೂರ್ತಿ ಹೋಗಿದೆ ಎಂದು ಕೈಯಿಂದ ಒತ್ತಿ ನೋಡದೆ ಸ್ಪ್ಯಾನರ್ ಹಚ್ಚಬೇಡಿ. ಹಳೆಯ ಬ್ರೇಕ್ ಲೈನಿಂಗ್‌ಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಡ್ರಮ್ಮಿನ ಧೂಳನ್ನು ಊದಿ ಹಾರಿಸದೆ ಒದ್ದೆ ಬಟ್ಟೆಯಿಂದ ಒರೆಸಿ.


ಎಡಗೈ ಗೇರ್:

ಒತ್ತಡದ ಪರೀಕ್ಷೆ ಮಾಡಿದೆ. 0.4 ಬಾರ್ ತುಂಬಿದರೆ ಒಂದು ನಿಮಿಷದೊಳಗೆ ಸೊನ್ನೆ. ಸಾಬೂನು ನೀರು ಹಚ್ಚಿದಾಗ ಕೇಸಿನ ಕೂಡುಗೆರೆ, ಸಿಲಿಂಡರಿನ ಬುಡ, ಹೆಡ್ ಎಲ್ಲೂ ಗುಳ್ಳೆ ಇಲ್ಲ. ಮ್ಯಾಗ್ನೆಟ್ ಬದಿಯ ಸೀಲಿನ ಸುತ್ತ, ಗಡಿಯಾರದ ನಾಲ್ಕು ಗಂಟೆಯ ಜಾಗದಲ್ಲಿ, ನೊರೆ ಉಕ್ಕಿತು.

ಸೀಲ್ ತೆಗೆದು ಬೆಳಕಿಗೆ ಹಿಡಿದರೆ ತುಟಿಯ ಒಂದು ಕಡೆ ಒಳಮಡಚಿ ಸೀಳಿದೆ. ಹೊಸ ಸೀಲನ್ನು ಹರಿದವನು ನಾನೇ. ಕ್ರ್ಯಾಂಕಿನ ತುದಿಯಲ್ಲಿ ಮ್ಯಾಗ್ನೆಟ್ಟಿನ ಕೀ (ಅದು ಜಾರದಂತೆ ಹಿಡಿಯುವ ಲೋಹದ ತುಂಡು) ಕೂರುವ ಸೀಳಿನ ಅಂಚು ಚಾಕುವಿನಂತೆ ಚೂಪಾಗಿದೆ, ಅದರ ಮೇಲೆ ಒಣ ಸೀಲನ್ನು ತಳ್ಳಿದ್ದೆ.


ಎಣ್ಣೆಕೈ:

ಮುಂದಿನ ಸಲ ಕೀ ತೆಗೆದು, ಆ ಸೀಳಿನ ಮೇಲೆ ತೆಳುವಾದ ಟೇಪ್ ಸುತ್ತಿ, ತುಟಿಗೆ ಗ್ರೀಸ್ ಹಚ್ಚಿ ಜಾರಿಸಿ. ಕೂತ ಮೇಲೆ ಟೇಪ್ ತೆಗೆಯಿರಿ. ಸೀಲನ್ನು ಒಂದೇ ಬದಿಗೆ ಬಡಿಯದೆ, ಅದರಷ್ಟೇ ಅಗಲದ ಕೊಳವೆ ಇಟ್ಟು ಸಮವಾಗಿ ಒತ್ತಿ. ಸಿಲಿಂಡರ್ ಎತ್ತಿ ಪಿಸ್ಟನ್ನನ್ನೂ ನೋಡಿ, ಹತ್ತು ನಿಮಿಷ ತೆಳುವಾಗಿ ಓಡಿದೆ. ಎಕ್ಸಾಸ್ಟ್ ಬದಿಯಲ್ಲಿ ಉದ್ದುದ್ದ ಗೀರು ಇದ್ದರೆ ತಿಳಿಸಿ. ಸರ್ಕ್ಲಿಪ್ ತೆಗೆದರೆ ಹೊಸದನ್ನೇ ಹಾಕಿ. ಪಿಸ್ಟನ್ನಿನ ಬಾಣದ ಗುರುತು ಎಕ್ಸಾಸ್ಟ್ ಕಡೆಗೇ ಇರಲಿ.

ಇನ್ನೊಂದು ಮಾತು, ಕೋಪ ಮಾಡಿಕೊಳ್ಳಬೇಡಿ. 177 ಕಿಟ್ ನನಗೆ ಒಪ್ಪಿಗೆಯಾಗಲಿಲ್ಲ. ಮೊದಲ ಸಲ ಎಂಜಿನ್ ಕಟ್ಟುವವರು ಮೂಲ ಅಳತೆಗೇ ಕಟ್ಟಿ ಸಾವಿರ ಕಿಲೋಮೀಟರ್ ಓಡಿಸಿದರೆ, ಆ ಗಾಡಿಯ ಸ್ವಭಾವ ತಿಳಿಯುತ್ತದೆ. ಈಗ ಸೋರಿಕೆ, ಜೆಟ್, ಟೈಮಿಂಗ್ ಮೂರೂ ಒಟ್ಟಿಗೆ ಬದಲಾಗಿ, ಯಾವುದರಿಂದ ಏನಾಯಿತು ಎಂದು ಹುಡುಕುವುದು ಕಷ್ಟವಾಯಿತು.


ಸುರುಳಿ:

ಇದನ್ನು ನಾನು ಒಪ್ಪುವುದಿಲ್ಲ. ಸೀಲ್ ಹರಿದದ್ದು 150 ಇದ್ದರೂ ಹರಿಯುತ್ತಿತ್ತು. ಬೋರ್ ಹೇಗೂ ಹಾಳಾಗಿತ್ತು. ಎರಕದ ಕಬ್ಬಿಣದ 177 ಸಿಲಿಂಡರನ್ನು ಹಳೆಯ ಕಾರ್ಬುರೇಟರಿನೊಂದಿಗೆ, ವೇಗಕ್ಕಲ್ಲದೆ ಏರುದಾರಿಯ ಎಳೆತಕ್ಕೆ ಹೊಂದಿಸಿಕೊಂಡರೆ ಅದು ದೀರ್ಘಕಾಲ ಬಾಳುತ್ತದೆ. ನನ್ನದು ಹಾಗೆಯೇ ಓಡುತ್ತಿದೆ. ನನ್ನ ಚಿಂತೆ ಬ್ರೇಕ್. ಹಳೆಯ 150 ಮಿ.ಮೀ. ಡ್ರಮ್ಮನ್ನೇ ನಂಬಿ ಹೆಚ್ಚು ಶಕ್ತಿ ಹಾಕಿದ್ದೀರಿ. ಹೊಸ ಶೂ, ಹೊಸ ಕೇಬಲ್, ಹೊಸ ಟೈರ್ ಇಲ್ಲದೆ ಗೇಟು ದಾಟಬೇಡಿ.


ಎಣ್ಣೆಕೈ:

ಬ್ರೇಕಿನ ವಿಷಯದಲ್ಲಿ ನಾವಿಬ್ಬರೂ ಒಂದೇ. ಕಿಟ್ಟಿನ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ.


ಎಡಗೈ ಗೇರ್:

ಒಂಬತ್ತು ದಿನಗಳ ನಂತರ ಬರೆಯುತ್ತಿದ್ದೇನೆ.

ಪಿಸ್ಟನ್ನಿನ ಎಕ್ಸಾಸ್ಟ್ ಬದಿಯಲ್ಲಿ ಮಸುಕಾದ ಎರಡು ಗೆರೆಗಳಿದ್ದವು, ಉಗುರಿಗೆ ಸಿಗುತ್ತಿರಲಿಲ್ಲ. ಚಿತ್ರ ನೋಡಿ ಎಣ್ಣೆಕೈ ಅವರು ಬಳಸಬಹುದು ಎಂದರು. ಉಂಗುರಗಳು ಸಡಿಲವಾಗಿ ತಿರುಗುತ್ತಿವೆ. ಟೇಪ್ ಸುತ್ತಿ ಹೊಸ ಸೀಲ್ ಕೂರಿಸಿದೆ. 0.4 ಬಾರ್ ಒತ್ತಡ ಹತ್ತು ನಿಮಿಷ ಮುಳ್ಳು ಅಲುಗದೆ ನಿಂತಿತು. ಆ ಹತ್ತು ನಿಮಿಷ ನಾನೂ ಅಲುಗಲಿಲ್ಲ. ಸ್ಟೇಟರಿನ ವೈರುಗಳನ್ನು ಬದಲಿಸಿ, ಸ್ಟ್ರೋಬ್ ಹಿಡಿದು ಕಿಟ್ಟಿನ ಕಾಗದದಲ್ಲಿ ಹೇಳಿದ ಡಿಗ್ರಿಗೆ ತಂದೆ. ಅದಕ್ಕೆ ತಟ್ಟೆಯನ್ನು 'ಐಟಿ' ಕಡೆಗೆ ಸ್ವಲ್ಪ ತಿರುಗಿಸಬೇಕಾಯಿತು. ಜೆಟ್ 118ರಿಂದ ಶುರು ಮಾಡಿ, ಪೂರ್ತಿ ತೆರೆದಾಗ ತೊದಲುತ್ತಿದ್ದುದರಿಂದ 116ಕ್ಕೆ ಇಳಿಸಿದ್ದೇನೆ. ಎಣ್ಣೆ 2 ಶೇಕಡಾ, ಅಂದರೆ ಲೀಟರಿಗೆ 20 ಮಿ.ಲೀ.

ಎಂಜಿನ್ ಎರಡನೆಯ ಕಿಕ್ಕಿಗೆ ಎದ್ದಿತು. ಬಿಸಿಯಾಗುವವರೆಗೆ ಕಾದು ಆಕ್ಸಿಲರೇಟರ್ ತಿರುಗಿಸಿ ಬಿಟ್ಟೆ. ತಕ್ಷಣ ಇಳಿದು, ಟಪ ಟಪ ಎಂದು ನಿಂತಲ್ಲೇ ಓಡಿತು. ಈಗ ಐಡಲ್ ಸ್ಕ್ರೂ ಹೇಳಿದಂತೆ ಕೇಳುತ್ತದೆ. ಪ್ಲಗ್ ತುದಿ ಕಂದು ಬಣ್ಣ.

ಬ್ರೇಕ್ ಶೂ, ಕೇಬಲ್‌ಗಳು, 3.50-10 ಅಳತೆಯ ಎರಡು ಟೈರ್ ಹೊಸದಾಗಿ ಹಾಕಿದ್ದೇನೆ. ಕೇಬಲ್ ಎಳೆಯುವಾಗ ಹಳೆಯದನ್ನು ಹೊರತೆಗೆಯುವ ಮೊದಲೇ ಅದರ ತುದಿಗೆ ಹೊಸದನ್ನು ಕಟ್ಟಿದ್ದರಿಂದ ಬಾಡಿಯೊಳಗೆ ತಡಕಾಡುವುದು ತಪ್ಪಿತು. ಇದನ್ನು ಪುಟ್ಟಗಾಲಿ ಅವರು ಗುರುತು ಹಾಕಿಕೊಳ್ಳಲಿ.

ನೆಲದ ತಗಡಿನ ಕೆಲಸ ಬಾಕಿ ಇರುವುದರಿಂದ ರಸ್ತೆಗೆ ಇಳಿಸಿಲ್ಲ. ಆಸರೆಯ ಸರಳುಗಳನ್ನು ಕತ್ತರಿಸಿಟ್ಟಿದ್ದೇನೆ, ಅಳತೆಗಳು ಗೋಡೆಯ ಮೇಲಿವೆ. ಡಿಕ್ಕಿಯ ಮುಚ್ಚಳ ಕಪಾಟಿನಲ್ಲಿದೆ.

ಹಳೆ ತಗಡು ಅವರೇ, ಒಂದು ಪ್ರಶ್ನೆ ಉಳಿದಿದೆ. ಅಡ್ಡಪಟ್ಟಿಯನ್ನು ನೆಲದ ತಗಡಿಗೆ ಮೊದಲು ಬೆಸೆದು ಆಮೇಲೆ ಎರಡನ್ನೂ ಒಟ್ಟಿಗೆ ಬಾಡಿಗೆ ಕೂರಿಸಲೇ, ಅಥವಾ ಪಟ್ಟಿಯನ್ನು ಮೊದಲು ಬಾಡಿಗೆ ಹಿಡಿಸಲೇ?


ಹಳೆ ತಗಡು:

ಪಟ್ಟಿಯನ್ನು ಮೊದಲು ಬಾಡಿಗೆ, ಆದರೆ ನಾಲ್ಕು ಚುಕ್ಕೆ ಬೆಸುಗೆ ಮಾತ್ರ. ತಗಡು ಇಟ್ಟು, ಸ್ಟ್ಯಾಂಡಿನ ಬೋಲ್ಟುಗಳು ಸರಾಗವಾಗಿ ತೂರುತ್ತವೆಯೇ ಎಂದು ನೋಡಿ. ತೂರಿದರೆ, ಗೋಡೆಯ ಅಳತೆಗೆ ಮತ್ತೊಮ್ಮೆ ಹೋಲಿಸಿ, ಪೂರ್ತಿ ಬೆಸೆಯಿರಿ. ಕೂಡುವ ಎರಡೂ ಮೈಗಳಿಗೆ ಮುಚ್ಚುವ ಮೊದಲೇ ಬೆಸುಗೆ ತಾಳುವ ಸತುವಿನ ಪ್ರೈಮರ್ ಬಳಿಯಿರಿ, ಆಮೇಲೆ ಅಲ್ಲಿಗೆ ಬ್ರಷ್ ಹೋಗುವುದಿಲ್ಲ. ಸತುವಿನ ಹೊಗೆ ಒಳ್ಳೆಯದಲ್ಲ, ಬಯಲಿನಲ್ಲಿ ಗಾಳಿಗೆ ಬೆನ್ನು ಕೊಡದೆ ಪಕ್ಕಕ್ಕೆ ನಿಂತು ಬೆಸೆಯಿರಿ. ಚುಕ್ಕೆ ಹಾಕಿದ ಮೇಲೆ ಚಿತ್ರ ಹಾಕಿ, ಪೂರ್ತಿ ಬೆಸೆಯುವ ಮುಂಚೆ ನೋಡಿ ಹೇಳುತ್ತೇನೆ.